ಷರಾ

ಮಂಡ್ಯದ ಗುತ್ತಲು ರಸ್ತೆ, ಸೈಕಲ್ ಶಾಪಿನ ಮೇಲಂತಸ್ತು,
ಸೋದರಮಾವನ ವಿಡಿಯೊ ಲೈಬ್ರರಿ.
ನನಗೆ ಹದಿನೇಳು. ರಿಜಿಸ್ಟರು ನನ್ನ ಪಾಲಿಗೆ:
ತಾರೀಖು, ಹೆಸರು, ಕ್ಯಾಸೆಟ್ ನಂಬರು, ಬಾಡಿಗೆ ಹತ್ತು,
ಕೊನೆಗೊಂದು ಅಗಲ ಕಾಲಮ್ಮು, ಷರಾ.

ಅಲ್ಲಿ ಬರೆಯಬೇಕಾದ್ದು
‘ಟೇಪು ಸಿಕ್ಕಿಕೊಂಡಿದೆ’, ‘ರಿವೈಂಡ್ ಮಾಡಿಲ್ಲ’.
ನೂರಾ ಹದಿನಾಲ್ಕು ಬಂದ ಮೇಲೆ
ನನ್ನ ಕೈ ಕೆಟ್ಟಿತು.

ಮೈಸೂರಿನ ಗುಜರಿಯಿಂದ ಕಟ್ಟಿನ ಜೊತೆ ಬಂದದ್ದು.
ಯಾವ ದೇಶದ್ದೋ, ಲೇಬಲ್ಲು ಅರ್ಧ ಹರಿದಿತ್ತು.
ಮಾವ ಪೆನ್ನಿನಲ್ಲಿ ಗೀಚಿದ: ಪತ್ತೇದಾರಿ, ಒಳ್ಳೇದು.
ನೋಡಿರಲಿಲ್ಲ.

ಮೊದಲ ದೃಶ್ಯದಲ್ಲೇ ಪೊಲೀಸರು. ಇನ್ನೂ ಯಾರೂ ಸತ್ತಿಲ್ಲ.
ಪೋಸ್ಟ್‌ಮ್ಯಾನ್ ಒಬ್ಬ ತಾನೇ ಬರೆದ ಕಾಗದವನ್ನು
ತನಗೇ ತಲುಪಿಸಿ ರುಜು ಹಾಕಿಸಿಕೊಳ್ಳುತ್ತಾನೆ.
ಲಿಫ್ಟಿನೊಳಗೆ ಹೋದವಳು ಹೊರಬರುವಾಗ ಬೇರೆಯವಳು,
ಕೋಟು ಮಾತ್ರ ಅದೇ.
ಮೂರನೆಯ ಮಹಡಿಯ ಓಣಿಯಲ್ಲಿ ಒಂದು ಕುದುರೆ.
ಕುದುರೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಸಕ್ಕರೆ ಫ್ಯಾಕ್ಟರಿ ಬಾಯ್ಲರಿನ ಕರಿಗೌಡರು
ಶನಿವಾರ ರಾತ್ರಿ ಹನ್ನೊಂದು ಜನ ಕೂಡಿಸಿ ನೋಡಿದರು.
ಭಾನುವಾರ ಕೌಂಟರಿನ ಮೇಲೆ ಕುಕ್ಕಿದರು:
“ಕೊಲೆಗಾರ ಯಾರ್ಲಾ?
ಹತ್ತು ರೂಪಾಯಿ ಈಸ್ಕಂಡಿದ್ದೀಯ, ಹೇಳು ಮತ್ತೆ.”
ಷರಾ: ಕೊಲೆಗಾರನನ್ನು ಕೇಳುತ್ತಾರೆ.

ಅದೇ ಹನ್ನೊಂದರಲ್ಲಿ ಒಬ್ಬಳು, ಅವರ ನಾದಿನಿ ಕೆಂಪಾಜಮ್ಮ,
ಸಂಜೆ ಸೈರನ್ನಿನ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಳು.
“ಅದ್ನೇ ಕೊಡಪ್ಪ ಇನ್ನೊಂದ್ಸಲ.”
ಅರ್ಥ ಆಯ್ತಾ ಅಕ್ಕ?
“ಅರ್ಥ ಆಗೋದ್ನ ದಿನಾ ಮನೇಲೇ ನೋಡ್ತೀನಲ್ಲಪ್ಪ.”

ಡ್ರಾಫ್ಟ್ಸ್‌ಮನ್ ಅನಂತಶಯನಂ ಗ್ರಾಫ್ ಹಾಳೆ ಹಿಡಿದು ಬಂದರು,
ಮಹಡಿಗೊಂದು ಗೆರೆ, ಕೋಟಿನ ಗುಂಡಿಗೊಂದು ಚುಕ್ಕೆ.
“ಸತ್ತವನ ಕನಸಯ್ಯ ಇಡೀ ಸಿನಿಮಾ.”
ಯಾರೂ ಸತ್ತೇ ಇಲ್ಲವಲ್ಲ ಸ್ವಾಮಿ?
“ಸೂಕ್ಷ್ಮ ಇರೋದೇ ಅಲ್ಲಿ.”
ಟೈಲರ್ ಮುನೀರ್ ಪಾಷ ನಕ್ಕುಬಿಟ್ಟ:
ಭುಜ ಹದಿನೈದರವಳಿಗೆ ಹೊಲಿದದ್ದು
ಹದಿನೇಳರವಳಿಗೆ ಕೂರಲ್ಲ; ಇಬ್ಬರೂ ಒಬ್ಬಳೇ.
ಗ್ರಾಫಿನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.

ಕ್ಯಾಂಟೀನಿನಲ್ಲಿ ಎರಡು ಬೆಂಚು, ಎರಡು ಪಕ್ಷ.
ಬೈದವರೂ ಎರಡನೆಯ ಸಲ ಒಯ್ದರು,
ಸರಿಯಾಗಿ ಬೈಯಲು.
ಅರ್ಥವಾಗದ್ದಕ್ಕೆಲ್ಲ ಊರಲ್ಲಿ ಒಂದೇ ಹೆಸರಾಯಿತು:
“ಈ ತಿಂಗಳ ಕರೆಂಟು ಬಿಲ್ಲು ಕುದುರೆ ಕಣ್ಲಾ.”

ಹತ್ತೊಂಬತ್ತನೆಯ ಸಲ ವಾಪಸು ಬಂದಾಗ
ಮುರಿದ ಗುಬ್ಬಿಯ ಜಾಗಕ್ಕೆ ಸೆಲೊಟೇಪು.
ಹಾಕಿ ನೋಡಿದೆ. ಓಣಿ, ಓಣಿಯ ಕೊನೆ, ಕುದುರೆಯ ಬಾಲ,
ಗೆರೆಗೆರೆ,
ಆಮೇಲೆ ತೊಟ್ಟಿಲು.
ಯಾರದೋ ಮನೆಯ ನಾಮಕರಣ, ನಾಲ್ಕು ನಿಮಿಷ.
ಮುದುಕಿಯೊಬ್ಬಳು ಬಾಗಿ
ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ,
ಮೂರು ಸಲ. ಕೇಳಿಸುವುದಿಲ್ಲ.
ಮತ್ತೆ ಗೆರೆ. ಲಿಫ್ಟು.

ಯಾರದೆಂದು ವಿಚಾರಿಸಿದೆ, ಯಾರೂ ಒಪ್ಪಲಿಲ್ಲ.
ಹೊಸಬರು ಅದೂ ಸಿನಿಮಾವೆಂದೇ ನೋಡಿದರು.
ಅನಂತಶಯನಂ ಹೊಸ ಹಾಳೆ ತೆಗೆದರು.
ಕರಿಗೌಡರು ಬಂದು ತುಂಬಾ ಹೊತ್ತು ಸುಮ್ಮನೆ ನಿಂತರು:
“ಕೊಲೆ ಹಾಳಾಗ್ಲಿ. ಆ ಮಗೀಗೆ ಏನಂತ ಹೆಸ್ರಿಟ್ರು?”
ಅಂದು ಮೊದಲ ಬಾರಿಗೆ
ಎರಡು ಬೆಂಚಿನವರೂ ಒಂದೇ ಪ್ರಶ್ನೆ ಕೇಳಿದರು.

ಮೊನ್ನೆ ಅದೇ ಚಿತ್ರದ ತೊಳೆದಂಥ ಪ್ರತಿಯೊಂದು ಸಿಕ್ಕಿತು.
ಉಸಿರು ಹಿಡಿದು ಆ ನಾಲ್ಕು ನಿಮಿಷಕ್ಕೆ ಕಾದೆ.
ಕುದುರೆ, ಬೆಂಕಿ ಆರಿಸುವ ಕೆಂಪು ಬಕೆಟ್ಟಿನಲ್ಲಿ,
ನೀರು ಕುಡಿಯುತ್ತದೆ. ಅಷ್ಟೆ.
ತೊಟ್ಟಿಲಿಲ್ಲದೆ ನನಗೆ ಕತೆ ಹಿಡಿಯಲಿಲ್ಲ.

ಆ ಟೇಪು ಲೈಬ್ರರಿ ಮುಚ್ಚುವಾಗ ಅಲ್ಲಿರಲಿಲ್ಲ.
ಕೊನೆಯ ನಮೂದು ಕೆಂಪಾಜಮ್ಮನದು,
ವಾಪಸು ತಾರೀಖಿನ ಮನೆ ಖಾಲಿ.
ದಂಡ ಬರಿ, ಎಂದಿದ್ದ ಮಾವ.
ನಾನು ಬರೆದದ್ದು ಈಗಲೂ ಇದೆ, ನೀಲಿ ಶಾಯಿ, ಸ್ವಲ್ಪ ಹಬ್ಬಿದೆ:
ಇನ್ನೂ ನೋಡುತ್ತಿದ್ದಾರೆ.